ಸೂರಣಗಡ್ಡೆ: ಗಂಟಲು ಕೆರೆಯದಂತೆ ಬೇಯಿಸುವುದು, ಸಕ್ಕರೆ ಕಾಯಿಲೆಯವರು ಅಳತೆಯಲ್ಲಿ ಉಣ್ಣುವುದು

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಬೆಳಗಾವಿಯ ಟಿಳಕವಾಡಿಯವರು. ಹೋದ ವಾರ ಸೂರಣಗಡ್ಡೆ ತಂದು, ಕುಕ್ಕರಿನಲ್ಲಿ ಒಂದು ಸೀಟಿ ಹೊಡೆಸಿ ಪಲ್ಯ ಮಾಡಿದೆ. ಮನೆಯವರಿಗೆಲ್ಲ ಗಂಟಲು ಕೆರೆತ. ನನ್ನ ಕೈಯಂತೂ ಸಂಜೆತನಕ ತುರಿಸಿತು. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಮೂಲವ್ಯಾಧಿಯೂ ಇದೆ. ಸೂರಣ ತಿಂದರೆ ಮೂಲವ್ಯಾಧಿ ಹೋಗುತ್ತದೆ ಅಂತ ಯಾರೋ ಅವರಿಗೆ ಹೇಳಿದ್ದಾರೆ. ಅತ್ತೆಗೆ ಹಿಂದೆ ಕಿಡ್ನಿಯಲ್ಲಿ ಹರಳಾಗಿತ್ತು. ಏಕಾದಶಿಗೆ ಅವರು ರತಾಳೆ (ಗೆಣಸು), ಸೂರಣ ಎರಡನ್ನೂ ತಿನ್ನುತ್ತಾರೆ. ವಾಟ್ಸಾಪಿನಲ್ಲಿ ನೋಡಿದರೆ ‘ಯಾಮ್ ತಿಂದರೆ ಹೆಂಗಸರ ಹಾರ್ಮೋನ್ ಸರಿಹೋಗುತ್ತದೆ’ ಅಂತ ಬರುತ್ತದೆ. ಇದರಲ್ಲಿ ನಿಜ ಎಷ್ಟು? ಸೂರಣ ಮಾಡುವ ಸರಿಯಾದ ರೀತಿ ಯಾವುದು? ಅರ್ಧ ಗಡ್ಡೆ ಇನ್ನೂ ಉಳಿದಿದೆ, ಏನು ಮಾಡಲಿ?

ಉತ್ತರ: ತಂಗಿ, ಮೊದಲು ಆ ಉಳಿದ ಗಡ್ಡೆಯನ್ನು ಎಸೆಯಬೇಡಿ. ಅದರದೇನೂ ತಪ್ಪಿಲ್ಲ. ಒಂದು ಸೀಟಿಗೆ ಅದು ಪೂರ್ತಿ ಬೆಂದಿಲ್ಲ. ಬೇಯಿಸಿದ ನೀರನ್ನೂ ನೀವು ಪಲ್ಯದಲ್ಲೇ ಇಂಗಿಸಿದ್ದೀರಿ ಅಂತ ಕಾಣುತ್ತದೆ. ಬೇರೆ ತರಕಾರಿಗೆ ನಾವು ‘ಬೇಯಿಸಿದ ನೀರು ಚೆಲ್ಲಬೇಡಿ, ಸತ್ವ ಹೋಗುತ್ತದೆ’ ಅಂತ ಹೇಳುತ್ತೇವೆ. ಸೂರಣಕ್ಕೆ ಮಾತ್ರ ಆ ಮಾತು ಉಲ್ಟಾ. ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ನಿಮ್ಮ ಗಂಟಲಿನ ಕೆರೆತಕ್ಕೂ ಅತ್ತೆಯ ಹರಳಿಗೂ ಇದೇ ಮುಖ್ಯ.

ಕೆರೆತ ಯಾಕೆ ಬರುತ್ತದೆ ಅಂತ ತಿಳಿದರೆ ಅಡುಗೆ ತಾನಾಗಿ ಸರಿಹೋಗುತ್ತದೆ. ಸೂರಣದ ಒಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ವಸ್ತು ಕಣ್ಣಿಗೆ ಕಾಣದ ಸೂಜಿಗಳ ಕಟ್ಟಾಗಿ ಕೂತಿರುತ್ತದೆ. ಹೆಚ್ಚುವಾಗ ಆ ಸೂಜಿಗಳು ಕೈಗೆ ಚುಚ್ಚುತ್ತವೆ, ಅಗಿಯುವಾಗ ನಾಲಿಗೆಗೆ, ಗಂಟಲಿಗೆ. ಜೊತೆಗೆ ಗಡ್ಡೆಯಲ್ಲಿರುವ ಕೆಲವು ಪ್ರೋಟೀನುಗಳು ಚುಚ್ಚಿದ ಜಾಗದಲ್ಲಿ ಉರಿ ಎಬ್ಬಿಸುತ್ತವೆ. ಬೆಂಕಿಗೆ ಸೂಜಿಗಳು ಕರಗುವುದಿಲ್ಲ. ಆದರೆ ಗಡ್ಡೆ ನಡುವಿನತನಕ ಮೆತ್ತಗೆ ಬೆಂದರೆ ಆ ಪ್ರೋಟೀನುಗಳು ಕೆಡುತ್ತವೆ, ಕೆರೆತ ಇಳಿಯುತ್ತದೆ. ಅರೆಬೆಂದ ಸೂರಣ ಕೆರೆಯುವುದು ಇದಕ್ಕೇ. ಹುಳಿ ಸೇರಿದರೆ ಕೆರೆತ ಇನ್ನೂ ಕಡಿಮೆ. ಅಸ್ಸಾಮಿನಿಂದ ಕೇರಳದತನಕ ಸೂರಣ, ಕೆಸುವು ಬೇಯಿಸುವವರು ಬಹಳ ಮಂದಿ ಏನಾದರೊಂದು ಹುಳಿ ಹಾಕುತ್ತಾರೆ. ನಮ್ಮಲ್ಲಿ ಹುಣಸೆಹಣ್ಣು, ಖಾನಾಪುರದ ಕಡೆ ಆಮಸೋಲ (ಒಣಗಿಸಿದ ಮುರುಗಲ ಸಿಪ್ಪೆ), ವಿಜಯಪುರದವರಿಗೆ ಇಂಡಿ ತಾಲ್ಲೂಕಿನ ಲಿಂಬೆ ಇದ್ದೇ ಇದೆ. ಹುಳಿ ಮಜ್ಜಿಗೆಯೂ ನಡೆಯುತ್ತದೆ.

ಇನ್ನು ಕೊಳ್ಳುವಾಗ. ಬಲಿತ ಗಡ್ಡೆ ಕಡಿಮೆ ಕೆರೆಯುತ್ತದೆ, ಎಳೆಯದು ಜಾಸ್ತಿ. ಬೇಸಿಗೆಯಲ್ಲಿ ನೆಟ್ಟ ಸೂರಣ ಬಲಿಯುವುದಕ್ಕೆ ಎಂಟು ಒಂಬತ್ತು ತಿಂಗಳು ಬೇಕು. ಮೇಲಿನ ಗಿಡ ಹಳದಿಯಾಗಿ ಬಿದ್ದ ಮೇಲೆ ಕೀಳುತ್ತಾರೆ. ಹಾಗಾಗಿ ದೀಪಾವಳಿಯಿಂದ ಸಂಕ್ರಾಂತಿಯ ಆಚೀಚೆ ಬರುವ ಗಡ್ಡೆ ಚೆನ್ನಾಗಿ ಬಲಿತಿರುತ್ತದೆ. ಕಿತ್ತು ಕೆಲವು ವಾರ ಇಟ್ಟದ್ದು ಇನ್ನೂ ವಾಸಿ. ಮೈತುಂಬ ಮರಿಗಡ್ಡೆ ಎದ್ದಿರುವ ನಾಟಿ ಗಡ್ಡೆ ಸಾಮಾನ್ಯವಾಗಿ ಹೆಚ್ಚು ಕೆರೆಯುತ್ತದೆ. ಈಗ ರೈತರು ಬೆಳೆಯುವ ‘ಗಜೇಂದ್ರ’ ತಳಿಯ ಮೈ ನುಣುಪು, ಮರಿಗಳು ಇರುವುದಿಲ್ಲ ಅನ್ನಬಹುದು, ಕೆರೆತವೂ ಕಡಿಮೆ. ಕತ್ತರಿಸಿ ತುಂಡು ಮಾರುವವರ ಹತ್ತಿರ ಕೊಂಡರೆ ಕತ್ತರಿಸಿದ ಮುಖವನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇರಬೇಕು. ಲೋಳೆ ಬಂದಿದ್ದರೆ, ಕಪ್ಪು ಕಲೆ ಇದ್ದರೆ ಬೇಡ.

ಹೆಚ್ಚುವ ಕೆಲಸದಲ್ಲೇ ನಿಮ್ಮ ಕೈ ತುರಿಸಿದ್ದು. ಗಡ್ಡೆಯನ್ನು ಮೊದಲು ತೊಳೆಯಬೇಡಿ. ಒಣ ಬಟ್ಟೆಯಿಂದ ಅಥವಾ ಬ್ರಷ್‌ನಿಂದ ಮಣ್ಣು ಉದುರಿಸಿ. ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಕುಸುಬಿ ಎಣ್ಣೆಯಾದರೂ ಸರಿ, ಕೊಬ್ಬರಿ ಎಣ್ಣೆಯಾದರೂ ಸರಿ. ಬೆರಳ ಸಂದಿಗೂ ಉಗುರಿನ ಬುಡಕ್ಕೂ ಹತ್ತಬೇಕು. ಮಣಿಕಟ್ಟನ್ನು ಮರೆಯಬೇಡಿ, ಎಲ್ಲರೂ ಮರೆಯುವುದು ಅಲ್ಲೇ. ಪ್ಲಾಸ್ಟಿಕ್ ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು. ಗಡ್ಡೆಯನ್ನು ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಕೆಳಗೆ ಮಾಡಿ ಮಣೆಯ ಮೇಲೆ ಕೂರಿಸಿ. ಆಗ ಅದು ಉರುಳುವುದಿಲ್ಲ. ಮೇಲಿನಿಂದ ಕೆಳಗೆ ಚಾಕು ಇಳಿಸುತ್ತ ಸಿಪ್ಪೆ ತೆಗೆಯಿರಿ. ತೆಳುವಾಗಿ ಹೆರೆದರೆ ಸಾಲದು. ಸಿಪ್ಪೆಯ ಒಳಗಿನ ಹಸಿರು, ಕಂದು ಪದರವೂ ಹೋಗಿ, ತಿಳಿ ಗುಲಾಬಿ ಅಥವಾ ತಿಳಿ ಹಳದಿಯ ತಿರುಳು ಕಾಣಬೇಕು. ಅರ್ಧ ಬೆರಳಿನಷ್ಟು ದಪ್ಪ ಹೋದರೂ ಹೋಗಲಿ ಬಿಡಿ. ನಡುವೆ ಮೊಳಕೆ ಬರುವ ಕಣ್ಣು ಇರುತ್ತದಲ್ವಾ, ಅದನ್ನು ಸುತ್ತಲಿನ ತಿರುಳಿನ ಸಮೇತ ಕೊರೆದು ತೆಗೆಯಿರಿ. ಅಷ್ಟಾದ ಮೇಲೆ ಒಂದು ಇಂಚಿನ ಹೋಳು ಮಾಡಿ, ಆಗ ನೀರಿಗೆ ಹಾಕಿ ಎರಡು ಮೂರು ಸಲ ತೊಳೆಯಿರಿ. ಕೈ ತುರಿಸಿದರೆ ಸೋಪಿಗಿಂತ ಮೊದಲು ಹುಣಸೆಹಣ್ಣು ಅಥವಾ ಲಿಂಬೆ ಹೋಳಿನಿಂದ ತಿಕ್ಕಿ. ಆ ಕೈಯನ್ನು ಕಣ್ಣಿಗೆ ಮಾತ್ರ ಮುಟ್ಟಿಸಬೇಡಿ.

ಬೇಯಿಸುವುದು ಹೀಗೆ. ಅರ್ಧ ಕೆಜಿ ಹೋಳಿಗೆ ಒಂದೂವರೆ ಲೀಟರ್ ನೀರು, ಒಂದು ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಲಿಂಬೆ ಗಾತ್ರದ ಹುಣಸೆಹಣ್ಣು ಕಿವುಚಿದ ರಸ. ನೀರು ಕುದಿಬಂದ ಮೇಲೆ ಹೋಳು ಹಾಕಿ, ಮುಚ್ಚಳ ಮುಚ್ಚದೆ 15ರಿಂದ 20 ನಿಮಿಷ. ಒಂದು ಹೋಳು ತೆಗೆದು ಚಾಕು ಚುಚ್ಚಿ. ನಡುವಿನಲ್ಲಿ ತಡೆ ಸಿಗಬಾರದು, ಹೋಳು ಒಡೆಯಲೂಬಾರದು. ಬಸಿದು, ಒಂದು ಸಲ ಬಿಸಿನೀರು ಹುಯ್ದು ಮತ್ತೆ ಬಸಿಯಿರಿ. ಹುಳಿಯಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೂರಣವೂ ಐದು ನಿಮಿಷ ಹೆಚ್ಚು ಕೇಳಬಹುದು. ಅವಸರ ಬೇಡ. ಕುಕ್ಕರೇ ಬೇಕೆಂದರೆ ಹೋಳು ಮುಳುಗುವಷ್ಟು ನೀರು ಹಾಕಿ ಎರಡು ಸೀಟಿ. ಆ ನೀರನ್ನೂ ಚೆಲ್ಲಿ. ಹಸಿ ಹೋಳನ್ನು ನೇರವಾಗಿ ಬಾಣಲೆಗೆ ಹಾಕಿ ಹುರಿಯುವುದು, ಏರ್‌ಫ್ರೈಯರ್‌ಗೆ ಹಾಕುವುದು ನನಗೆ ಇಷ್ಟವಿಲ್ಲ. ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಹಾಗೆ ಉಳಿದ ಹಸಿಯೇ ಗಂಟಲು ಹಿಡಿಯುವುದು.

ಹೀಗೆ ಬೇಯಿಸಿದ ಹೋಳಿನಿಂದ ನಮ್ಮ ಕಡೆಯ ಪಲ್ಯ ಎಷ್ಟು ಚೆನ್ನಾಗಿ ಆಗುತ್ತದೆ ಗೊತ್ತಾ? ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಇಂಗು, ಕರಿಬೇವು, ಜಜ್ಜಿದ ಬೆಳ್ಳುಳ್ಳಿ. ಒಂದು ಉಳ್ಳಾಗಡ್ಡಿ ಮೆತ್ತಗಾಗುವತನಕ ಹುರಿದು, ಕುಟ್ಟಿದ ಹಸಿಮೆಣಸಿನಕಾಯಿ ಖಾರ ಹಾಕಿ. ಹೋಳು ಹಾಕಿ, ಸ್ವಲ್ಪ ಹುಣಸೆ ರಸ, ಚಿಟಿಕೆ ಬೆಲ್ಲ, ಉಪ್ಪು. ಕೊನೆಗೆ ಎರಡು ಚಮಚ ಗುರೆಳ್ಳು ಪುಡಿ, ಎರಡು ಚಮಚ ಶೇಂಗಾ ಪುಡಿ ಉದುರಿಸಿ, ಕೈ ಆಡಿಸಿ ಇಳಿಸಿ. ಹೋಳಿನ ಮೈಗೆಲ್ಲ ಪುಡಿ ಅಂಟಿಕೊಂಡು ಗಟ್ಟಿ ಪಲ್ಯ ಆಗುತ್ತದೆ. ಬಿಸಿ ಜೋಳದ ರೊಟ್ಟಿ, ಮೊಸರಿನ ಜೊತೆ ಉಣ್ಣಿ. ಈ ಪುಡಿಗಳು ಬರೀ ರುಚಿಗಲ್ಲ. ಸೂರಣದಲ್ಲಿ ಪ್ರೋಟೀನ್ ಕಡಿಮೆ. ಶೇಂಗಾದಲ್ಲಿ ತೂಕದ ಕಾಲು ಭಾಗ ಪ್ರೋಟೀನ್ ಇದೆ. ಎರಡೂ ಸೇರಿದಾಗ ಊಟ ಪೂರ್ತಿಯಾಗುತ್ತದೆ.

ಅತ್ತೆಯ ಉಪವಾಸಕ್ಕಾದರೆ ಬೆಂದ ಹೋಳಿಗೆ ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಮೇಲೆ ಶೇಂಗಾ ಕೂಟ (ಹುರಿದ ಶೇಂಗಾದ ತರಿ ಪುಡಿ), ಲಿಂಬೆರಸ. ಮಕ್ಕಳಿಗೆ ಕಾಪ ಮಾಡಿಕೊಡಿ. ಬೆರಳ ದಪ್ಪದ ಬಿಲ್ಲೆಗಳನ್ನು ಹುಳಿನೀರಲ್ಲಿ ಬೇಯಿಸಿ, ಖಾರದಪುಡಿ ಉಪ್ಪು ಸವರಿ, ರವೆಯಲ್ಲಿ ಹೊರಳಿಸಿ ತವೆಯ ಮೇಲೆ ಎರಡೂ ಕಡೆ ಕೆಂಪಗೆ ಬೇಯಿಸಿದರೆ ಆಯಿತು.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಲೇಬೇಕು. ಸೂರಣಕ್ಕೆ ಹೇಳಿದ್ದನ್ನು ಎಲ್ಲ ಗಡ್ಡೆಗೂ ಹಚ್ಚಬೇಡಿ. ಬೆಳಗಾವಿಯವರಾದ ನಿಮಗೆ ರತಾಳೆ, ಅಂದರೆ ಗೆಣಸು, ಹೊಸದಲ್ಲ. ನಮ್ಮ ತಾಲ್ಲೂಕಿನ ಪಶ್ಚಿಮದ ಕೆಂಪು ನೆಲದಲ್ಲಿ ಬೆಳೆದ ಗೆಣಸು ಎಪಿಎಂಸಿಯಿಂದ ಲಾರಿಗಟ್ಟಲೆ ಹೊರರಾಜ್ಯಗಳಿಗೆ ಹೋಗುತ್ತದೆ. ಗೆಣಸು ಕೆರೆಯುವುದಿಲ್ಲ. ಅದನ್ನು ಸಿಪ್ಪೆ ಸಮೇತ ತೊಳೆದು ಹಬೆಯಲ್ಲಿ ಬೇಯಿಸಿ. ನೀರಲ್ಲಿ ಕುದಿಸಿ ಚೆಲ್ಲಿದರೆ ಸುಮ್ನೆ ಸತ್ವ ಹಾಳು. ಮೂರನೆಯದು ಬಳ್ಳಿಯ ಬುಡದಲ್ಲಿ ಬೆಳೆಯುವ ಗಡ್ಡೆ, ನೇರಳೆ ತಿರುಳಿನ ಕೋನಫಳದಂಥದ್ದು. ಪುಸ್ತಕಗಳಲ್ಲಿ ಯಾಮ್ ಅನ್ನುವುದು ಮುಖ್ಯವಾಗಿ ಈ ಜಾತಿಯನ್ನು. ಜಗತ್ತಿನ ಯಾಮ್‌ನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೈಜೀರಿಯಾ ಒಂದೇ ಬೆಳೆಯುತ್ತದೆ. ನಮ್ಮ ಹತ್ತಿರ ನೋಡಬೇಕೆಂದರೆ ಖಾನಾಪುರದಾಚೆ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ನಡೆಸುವ ಗಡ್ಡೆ ಗೆಣಸು ಮೇಳಕ್ಕೆ ಹೋಗಿ. ಕಾಡಿನಂಚಿನ ಹಿತ್ತಿಲಲ್ಲಿ ಅವರು ಉಳಿಸಿಕೊಂಡು ಬಂದ ಗಡ್ಡೆಗಳನ್ನು ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ಬಳ್ಳಿಗಡ್ಡೆಯನ್ನೂ ಹಸಿ ತಿನ್ನಬಾರದು. ಹೆರೆಯುವಾಗ ಲೋಳೆ ಬರುತ್ತದೆ, ಕೆಲವರಿಗೆ ಕೈ ನವೆಯಾಗುತ್ತದೆ. ಬೆಂದರೆ ಹಿಟ್ಟುಹಿಟ್ಟಾಗಿ ಆಲೂಗಡ್ಡೆಗಿಂತ ರುಚಿ. ಆದರೆ ಕಾಡಿನಲ್ಲಿ ಸಿಕ್ಕ ಗುರುತಿಲ್ಲದ ಗಡ್ಡೆಯನ್ನು ಅಗೆದು ತಂದು ಬೇಯಿಸಬೇಡಿ. ಕೆಲವು ಕಾಡು ಜಾತಿಗಳಲ್ಲಿ ವಿಷವಿದೆ. ತಿಳಿದವರು ಅದನ್ನು ತೆಳ್ಳಗೆ ಹೆಚ್ಚಿ ಹರಿಯುವ ನೀರಲ್ಲಿ ದಿನಗಟ್ಟಲೆ ಇಟ್ಟು ಆಮೇಲೆ ತಿನ್ನುತ್ತಾರೆ. ಅದು ಅವರ ವಿದ್ಯೆ.

ಈಗ ಮಾವನವರ ತಟ್ಟೆ. 100 ಗ್ರಾಂ ಸೂರಣದಲ್ಲಿ ಸುಮಾರು 80 ಕ್ಯಾಲರಿ, 18 ಗ್ರಾಂ ಕಾರ್ಬೋಹೈಡ್ರೇಟ್, 4 ಗ್ರಾಂ ನಾರು ಇದೆ. ಗೆಣಸಿನಲ್ಲಿ ಸುಮಾರು 86 ಕ್ಯಾಲರಿ, 20 ಗ್ರಾಂ ಕಾರ್ಬೋಹೈಡ್ರೇಟ್. ಬಳ್ಳಿಯ ಯಾಮ್ ಹೆಚ್ಚು ಹಿಟ್ಟಿನದು: 118 ಕ್ಯಾಲರಿ, ಕಾರ್ಬೋಹೈಡ್ರೇಟ್ ಸುಮಾರು 28 ಗ್ರಾಂ. ಸಕ್ಕರೆ ಕಾಯಿಲೆಯವರಿಗೆ ಮೂರೂ ನಿಷೇಧವಲ್ಲ, ಮೂರೂ ಔಷಧವಲ್ಲ. ಇವನ್ನು ತರಕಾರಿಯ ಲೆಕ್ಕಕ್ಕೆ ಹಾಕದೆ ರೊಟ್ಟಿ, ಅನ್ನದ ಲೆಕ್ಕಕ್ಕೆ ಹಾಕಬೇಕು ಅನ್ನುವುದೇ ನನ್ನ ಒತ್ತಾಯ. ಒಂದು ದೊಡ್ಡ ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 35 ಗ್ರಾಂ ಕಾರ್ಬೋಹೈಡ್ರೇಟ್. ಅಂದರೆ ಒಂದು ಸಣ್ಣ ಬಟ್ಟಲು ಸೂರಣದ ಪಲ್ಯ ಅರ್ಧ ರೊಟ್ಟಿಗೆ ಸಮ. ಮಾವನವರು ಎರಡು ರೊಟ್ಟಿ ಉಣ್ಣುವವರಾದರೆ ಸೂರಣ ಇರುವ ದಿನ ಒಂದೂವರೆ ಸಾಕು. ಜೊತೆಗೆ ಸೊಪ್ಪು, ಮೊಳಕೆ ಕಾಳು, ಹಸಿ ಸೌತೆಕಾಯಿ ಇರಲಿ. ನಮ್ಮ ಮನೆಗಳಲ್ಲಿ ಆಗುವುದು ಏನು? ಎರಡು ರೊಟ್ಟಿ, ಗಡ್ಡೆ ಪಲ್ಯ, ಮೇಲೆ ಅನ್ನ ಸಾರು. ಆಮೇಲೆ ಸಕ್ಕರೆ ಏರಿದರೆ ದೂರು ಗಡ್ಡೆಯ ಮೇಲೆ. ಮೊದಲ ಸಲ ತಿಂದ ದಿನ ಎರಡು ಗಂಟೆ ಬಿಟ್ಟು ಮನೆಯ ಮಷಿನ್ನಿನಲ್ಲಿ ಒಮ್ಮೆ ನೋಡಿ. ಅವರ ಮೈಗೆ ಎಷ್ಟು ಹೊಂದುತ್ತದೆ ಅಂತ ಅದೇ ಹೇಳುತ್ತದೆ.

ಗೆಣಸಿಗೆ ಇನ್ನೊಂದು ಮಾತು. ಕೆಂಡದಲ್ಲಿ, ಓವನ್ನಿನಲ್ಲಿ ನಿಧಾನ ಸುಟ್ಟ ಗೆಣಸು ಜೇನು ಬಂದಂತೆ ಸಿಹಿ ಇರುತ್ತದಲ್ವಾ? ನಿಧಾನ ಬಿಸಿಯಲ್ಲಿ ಅದರೊಳಗಿನ ಪಿಷ್ಟ ಒಡೆದು ಮಾಲ್ಟೋಸ್ ಎಂಬ ಸಕ್ಕರೆಯಾಗುತ್ತದೆ. ಸುಟ್ಟದ್ದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ನೀರಲ್ಲಿ ಬೇಯಿಸಿದ್ದು ಅಷ್ಟು ಏರಿಸುವುದಿಲ್ಲ. ಮಾವನವರಿಗೆ ಬೇಯಿಸಿದ್ದೇ ಇರಲಿ, ಅರ್ಧ ಗೆಣಸು. ಗೆಣಸಿನ ಹೋಳಿಗೆ ಅವರಿಗೆ ಬೇಡ. ಯೂಟ್ಯೂಬಿನಲ್ಲಿ ‘ಯಾಮ್ ಕಣ್ಣಿಗೆ ಒಳ್ಳೆಯದು’ ಅಂತ ತೋರಿಸುವ ಅಮೆರಿಕದ ವಿಡಿಯೋಗಳಲ್ಲಿರುವುದು ಹೆಚ್ಚಾಗಿ ಕಿತ್ತಳೆ ತಿರುಳಿನ ಗೆಣಸು. ಅದರಲ್ಲಿ ವಿಟಮಿನ್ ಎ ಕೊಡುವ ಬೀಟಾ ಕೆರೋಟಿನ್ ಧಾರಾಳ. ನಮ್ಮ ಪೇಟೆಯ ಬಿಳಿ ತಿರುಳಿನ ಗೆಣಸಿನಲ್ಲಿ ಅದು ತೀರಾ ಕಡಿಮೆ. ತಿರುವನಂತಪುರದ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಭೂ ಸೋನಾ’ ಎಂಬ ಕಿತ್ತಳೆ ತಳಿ ಕೊಟ್ಟಿದೆ. ನಮ್ಮ ರೈತರು ಒಂದಿಷ್ಟು ಜಾಗದಲ್ಲಿ ಅದನ್ನೂ ಹಾಕಿದರೆ ಅಂಗನವಾಡಿ ಮಕ್ಕಳಿಗೆ ಎಷ್ಟು ಉಪಯೋಗ!

ಮೂಲವ್ಯಾಧಿಯ ಮಾತು ಹಳೆಯದು. ಆಯುರ್ವೇದದಲ್ಲಿ ಸೂರಣಕ್ಕೆ ಅರ್ಶೋಘ್ನ, ಅಂದರೆ ಮೂಲವ್ಯಾಧಿ ಕಳೆಯುವುದು, ಅಂತಲೇ ಹೆಸರಿದೆ. ಆಹಾರತಜ್ಞೆಯಾಗಿ ನಾನು ಹೇಳುವುದಿಷ್ಟು: ಸೂರಣದ ನಾರು ಮಲ ಮೆತ್ತಗೆ ಮಾಡುತ್ತದೆ, ತಿಣುಕುವುದು ತಪ್ಪುತ್ತದೆ, ಅದರಿಂದ ಮೂಲವ್ಯಾಧಿಯವರಿಗೆ ಆರಾಮ. ಅದಕ್ಕೆ ನೀರೂ ಬೇಕು. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಬಿಸಿಲಿಗೆ ಮೈಯ ನೀರೆಲ್ಲ ಬೆವರಾಗಿ ಹೋಗುತ್ತದೆ. ಆಗ ನೀರು ಕುಡಿಯದೆ ನಾರು ಮಾತ್ರ ತಿಂದರೆ ಹೊಟ್ಟೆ ಇನ್ನೂ ಕಟ್ಟುತ್ತದೆ. ಅರೆಬೆಂದ ಸೂರಣವನ್ನು ಔಷಧ ಅಂತ ನುಂಗಿಸಬೇಡಿ. ಮತ್ತೆ, ಮಾವನವರಿಗೆ ರಕ್ತ ಬೀಳುತ್ತಿದ್ದರೆ ‘ಮೂಲವ್ಯಾಧಿಯೇ ಇರಬೇಕು’ ಅಂತ ಗಡ್ಡೆ ತಿನ್ನುತ್ತಾ ಕೂರಬಾರದು. ಈ ವಯಸ್ಸಿನಲ್ಲಿ ರಕ್ತ ಬೀಳುವುದಕ್ಕೆ ಬೇರೆ ಕಾರಣವೂ ಇರಬಹುದು. ದಯವಿಟ್ಟು ಡಾಕ್ಟರಿಗೆ ತೋರಿಸಿ.

ಅತ್ತೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಕಿಡ್ನಿಯ ಹರಳುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಗಡ್ಡೆಯ ಆಕ್ಸಲೇಟ್‌ನಲ್ಲಿ ಒಂದು ಭಾಗ ನೀರಿಗೆ ಬಿಡುತ್ತದೆ, ಒಂದು ಭಾಗ ಬಿಡುವುದಿಲ್ಲ. ಹೊಟ್ಟೆಯಿಂದ ರಕ್ತಕ್ಕೆ ಸುಲಭವಾಗಿ ಹೋಗುವುದು ನೀರಿಗೆ ಬಿಡುವ ಭಾಗವೇ. ಕುದಿಸಿ ಚೆಲ್ಲಿದ ನೀರಿನ ಜೊತೆ ಅದರಲ್ಲಿ ಸಾಕಷ್ಟು ಹೋಗುತ್ತದೆ. ಇನ್ನೊಂದು ಉಪಾಯ ಮೊಸರು, ಮಜ್ಜಿಗೆ. ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳಿಸುತ್ತದೆ. ಹರಳಾದವರು ಹಾಲು ಮೊಸರು ಬಿಡಬೇಕು ಅನ್ನುವುದು ತಪ್ಪು ತಿಳಿವಳಿಕೆ. ಅತ್ತೆಗೆ ಏಕಾದಶಿಯ ದಿನ ಸೂರಣ, ರತಾಳೆ ಎರಡೂ ಬೇಡ, ಯಾವುದಾದರೂ ಒಂದು ಸಾಕು. ರತಾಳೆಯಲ್ಲೂ ಆಕ್ಸಲೇಟ್ ಇದೆ, ಶೇಂಗಾದಲ್ಲೂ ಇದೆ, ಹಾಗಾಗಿ ಅವರ ಬಟ್ಟಲಿಗೆ ಶೇಂಗಾ ಕೂಟ ಸ್ವಲ್ಪವೇ ಉದುರಿಸಿ. ಪಕ್ಕದಲ್ಲಿ ದೊಡ್ಡ ಲೋಟ ಮಜ್ಜಿಗೆ ಇರಲಿ. ನಿರ್ಜಲ ಉಪವಾಸ ಮಾತ್ರ ಬೇಡವೇ ಬೇಡ. ನೀರು ಕಡಿಮೆಯಾದರೆ ಹರಳು ಮತ್ತೆ ಕಟ್ಟುತ್ತದೆ. ಅವರ ಕಿಡ್ನಿಯ ಶಕ್ತಿಯೇ ಕಡಿಮೆಯಾಗಿದೆ, ಪೊಟ್ಯಾಸಿಯಂ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರೆ ಲೆಕ್ಕವೇ ಬೇರೆ. ಎಲ್ಲ ಗಡ್ಡೆಗಳಲ್ಲೂ ಪೊಟ್ಯಾಸಿಯಂ ಚೆನ್ನಾಗಿಯೇ ಇದೆ. ಆಗ ಡಾಕ್ಟರನ್ನು ಕೇಳದೆ ಕೊಡಬೇಡಿ. ಅಂದಹಾಗೆ ಉಪವಾಸಕ್ಕೆ ಸಾಬುದಾಣಿ ಖಿಚಡಿಗಿಂತ ಗಡ್ಡೆ ಎಷ್ಟೋ ಮೇಲು. ಸಾಬುದಾಣಿ ಅಂದರೆ ಮರಗೆಣಸಿನ ಬರೀ ಪಿಷ್ಟ, ನಾರು ಇಲ್ಲವೇ ಇಲ್ಲ.

ಹಾರ್ಮೋನ್ ಮಾತಿಗೂ ಒಂದು ಮೂಲವಿದೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡು ಯಾಮ್‌ನಿಂದ ಡಯೋಸ್ಜೆನಿನ್ ಎಂಬ ವಸ್ತುವನ್ನು ತೆಗೆದು, ಪ್ರಯೋಗಾಲಯದಲ್ಲಿ ಅದನ್ನು ಪ್ರೊಜೆಸ್ಟರಾನ್ ಹಾರ್ಮೋನ್ ಆಗಿ ಮಾಡಿದರು. ಅದು ದೊಡ್ಡ ಸಾಧನೆ. ಆದರೆ ಆ ಕೆಲಸ ಪ್ರಯೋಗಾಲಯದ್ದು. ನಮ್ಮ ದೇಹಕ್ಕೆ ಡಯೋಸ್ಜೆನಿನ್ ಅನ್ನು ಪ್ರೊಜೆಸ್ಟರಾನ್ ಮಾಡುವ ಶಕ್ತಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಸೂರಣ ಆ ಯಾಮ್ ಕುಟುಂಬದ್ದೇ ಅಲ್ಲ, ಕೆಸುವಿನ ಕುಟುಂಬದ್ದು. ಮುಟ್ಟಿನ ತೊಂದರೆ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಯಾಮ್ ಹೆಸರಿನ ಮುಲಾಮು, ಮಾತ್ರೆಗೆ ದುಡ್ಡು ಹಾಕಬೇಡಿ.

ಇಷ್ಟೆಲ್ಲ ಮಾಡಿಯೂ ಯಾರಿಗಾದರೂ ಗಂಟಲು ಕಡಿದರೆ ತಣ್ಣನೆಯ ಮೊಸರು ಅಥವಾ ಹಾಲನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಲಿ. ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ನಾಲಿಗೆ, ತುಟಿ ಊದಿಕೊಂಡರೆ, ಉಗುಳು ನುಂಗಲು ಆಗದಿದ್ದರೆ, ಉಸಿರು ಕಷ್ಟವಾದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಿ.

ನಿಮ್ಮ ಹತ್ತಿರ ಉಳಿದ ಅರ್ಧ ಗಡ್ಡೆಯನ್ನು ತೊಳೆಯದೆ, ಕತ್ತರಿಸಿದ ಮುಖ ಗಾಳಿಗೆ ಒಣಗಲು ಬಿಟ್ಟು, ಕಾಗದದ ಮೇಲೆ ನೆರಳಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಕೊಳೆಯುತ್ತದೆ. ಹೆಚ್ಚುವಾಗ ಒಣಗಿದ ಆ ಪದರವನ್ನು ಒಂದು ಬಿಲ್ಲೆ ಕೊಯ್ದು ತೆಗೆಯಿರಿ. ವಾರದೊಳಗೆ ಮುಗಿಸಿ. ಮುಂದೆ ಇಡೀ ಗಡ್ಡೆ ತಂದರೆ ಗಾಳಿಯಾಡುವ ಜಾಗದಲ್ಲಿ ಒಂದೆರಡು ತಿಂಗಳು ಇರುತ್ತದೆ. ಗೆಣಸನ್ನೂ ಹಸಿಯಾಗಿ ಫ್ರಿಜ್ಜಿನಲ್ಲಿ ಇಡಬೇಡಿ, ತಂಪಿಗೆ ನಡುವಿನ ತಿರುಳು ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಕೆಲಸಕ್ಕೆ ಹೋಗುವವರಾದರೆ ಭಾನುವಾರವೇ ಸೂರಣ ಹೆಚ್ಚಿ, ಹುಳಿನೀರಲ್ಲಿ ಬೇಯಿಸಿ ಬಸಿದು, ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ಚೆನ್ನಾಗಿರುತ್ತದೆ, ಒಗ್ಗರಣೆಯ ಹೊತ್ತಿಗೆ ತೆಗೆದರೆ ಸಾಕು.